ನಿಂತುಹೋದ ಮ್ಯಾಸಿ ಫರ್ಗುಸನ್ 135 ಮತ್ತೆ ಉಳುಮೆಗೆ ಇಳಿಯಬಲ್ಲದೇ? ಬಿಚ್ಚಿ ನೋಡಿ ಬರೆದ ವಿಮರ್ಶೆ

ಹೊಸ ಟ್ರ್ಯಾಕ್ಟರನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅದರ ಅಶ್ವಶಕ್ತಿ, ಭಾರ ಎತ್ತುವ ಸಾಮರ್ಥ್ಯ, ಡೀಸೆಲ್ ಖರ್ಚು, ಸೀಟಿನ ಅನುಕೂಲ ಇವನ್ನೆಲ್ಲ ತೂಗಿ ನೋಡಿ ತೀರ್ಪು ಹೇಳುತ್ತಾರೆ. ವರ್ಷಗಟ್ಟಲೆ ಮಳೆ ಬಿಸಿಲಿಗೆ ಮೈಯೊಡ್ಡಿ, ಚಕ್ರಗಳು ಮಣ್ಣಿನಲ್ಲಿ ಹೂತು, ಸೈಲೆನ್ಸರಿನ ಬಾಯಿ ಆಕಾಶಕ್ಕೆ ತೆರೆದುಕೊಂಡೇ ನಿಂತುಬಿಟ್ಟ ಹಳೆಯ ಟ್ರ್ಯಾಕ್ಟರಿಗೆ ಆ ಅಳತೆಗಳು ಸಾಲುವುದಿಲ್ಲ. ನಿರ್ಲಕ್ಷ್ಯದಿಂದ ಆದ ಹಾನಿ ಎಲ್ಲೆಲ್ಲಿ ಸೇರಿಕೊಂಡಿದೆ, ಸಾಧಾರಣ ಸಲಕರಣೆಗಳನ್ನು ಹಿಡಿದ ಕೈ ಆ ಜಾಗವನ್ನು ತಲುಪಬಲ್ಲದೇ, ತಲುಪಿದ ಮೇಲೆ ಕೆಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸಲು ಆ ಯಂತ್ರದ ರಚನೆ ಅವಕಾಶ ಕೊಡುತ್ತದೆಯೇ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಹಾಗೆ ನೋಡಿದಾಗ, ನಾನು ಇದುವರೆಗೆ ಬಿಚ್ಚಿರುವ ಯಂತ್ರಗಳಲ್ಲಿ ಮ್ಯಾಸಿ ಫರ್ಗುಸನ್ 135ರಷ್ಟು ದುರಸ್ತಿಗೆ ಒಗ್ಗುವ ಟ್ರ್ಯಾಕ್ಟರು ಇನ್ನೊಂದಿಲ್ಲ. ಹಾಗೆಂದು ಅದರ ಎಲ್ಲ ಭಾಗಗಳಿಗೂ ಒಂದೇ ಅಂಕ ಕೊಡಲಾಗುವುದಿಲ್ಲ. ಎಂಜಿನ್ನಿಗೆ ಧಾರಾಳವಾಗಿ, ಹೈಡ್ರಾಲಿಕ್ಕಿಗೆ ಸಂತೋಷದಿಂದ, ಡೀಸೆಲ್ ಪಂಪಿಗೆ ಎಚ್ಚರಿಕೆಯಿಂದ ಕೊಡಬೇಕು. ಬ್ರೇಕಿನ ವಿಷಯದಲ್ಲಿಯೂ ಚಾಲಕನ ರಕ್ಷಣೆಯ ವಿಷಯದಲ್ಲಿಯೂ ಕೈ ಬಿಗಿ ಹಿಡಿಯಲೇಬೇಕು.

ಈ ಮಾದರಿ ಹೊರಬಂದದ್ದು 1964ರ ಕೊನೆಯ ಭಾಗದಲ್ಲಿ. ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದ ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ 1975ರವರೆಗೆ ಇದು ತಯಾರಾಯಿತು. 1946ರಲ್ಲಿ ಹ್ಯಾರಿ ಫರ್ಗುಸನ್ ಅವರ ಟಿಇ20 ಟ್ರ್ಯಾಕ್ಟರು ಹುಟ್ಟಿದ್ದೂ ಅದೇ ಕಾರ್ಖಾನೆಯಲ್ಲಿ. 1953ರಲ್ಲಿ ಫರ್ಗುಸನ್ ಕಂಪನಿ ಮ್ಯಾಸಿ-ಹ್ಯಾರಿಸ್ ಜೊತೆ ಕೂಡಿಕೊಂಡಿತು, 1959ರಲ್ಲಿ ಎಂಜಿನ್ ತಯಾರಿಸುವ ಪರ್ಕಿನ್ಸ್ ಕೂಡ ಅದೇ ಒಡೆತನಕ್ಕೆ ಬಂತು. ಈ ಮೂರು ಧಾರೆಗಳ ಫಲ ಈ ಟ್ರ್ಯಾಕ್ಟರು. ದುರಸ್ತಿ ಮಾಡುವವನಿಗೆ ಈ ಚರಿತ್ರೆಯಿಂದ ನೇರವಾದ ಪ್ರಯೋಜನವಿದೆ. ಇದೇ ಎಂಜಿನ್ನಿನ, ಇದೇ ಹಿಂಬದಿ ರಚನೆಯ ವಂಶದ ಟ್ರ್ಯಾಕ್ಟರುಗಳು ಮುಂದೆ ಭಾರತ, ಪಾಕಿಸ್ತಾನ, ಟರ್ಕಿ, ಯುಗೊಸ್ಲಾವಿಯಗಳಲ್ಲಿ ಬಹಳ ಕಾಲ ತಯಾರಾದವು. ಆದ್ದರಿಂದ ಗ್ಯಾಸ್ಕೆಟ್, ಲೈನರ್, ಬೇರಿಂಗ್, ಕ್ಲಚ್ ಪ್ಲೇಟುಗಳಂತಹ ಬಿಡಿಭಾಗಗಳು ಅರ್ಧ ಶತಮಾನ ಕಳೆದರೂ ಹುಡುಕಿದರೆ ಸಿಗುತ್ತವೆ. ಎಷ್ಟೇ ಒಳ್ಳೆಯ ಯಂತ್ರವಾದರೂ ಬಿಡಿಭಾಗ ಸಿಗದಿದ್ದರೆ ಅದು ಪ್ರದರ್ಶನದ ವಸ್ತುವಾಗಿ ಉಳಿಯುತ್ತದೆಯೇ ಹೊರತು ಹೊಲಕ್ಕೆ ಇಳಿಯುವುದಿಲ್ಲ.

ಪೆಟ್ರೋಲ್ ಎಂಜಿನ್ನಿನ 135ಗಳೂ ಇದ್ದವು. ನಾನು ಇಲ್ಲಿ ಬರೆಯುತ್ತಿರುವುದು ಡೀಸೆಲ್ ಎಂಜಿನ್ನಿನದನ್ನು ಕುರಿತು. ಅದರ ಪರ್ಕಿನ್ಸ್ ಎಡಿ3.152 ಎಂಜಿನ್ನಿಗೆ ಮೂರು ಸಿಲಿಂಡರುಗಳು, 91.4 ಮಿಲಿಮೀಟರ್ ಬೋರ್ (ಸಿಲಿಂಡರಿನ ಒಳ ಅಗಲ), 127 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ನು ಏರಿಳಿಯುವ ದೂರ). ಹೆಸರಿನಲ್ಲಿರುವ 152 ಅದರ ಘನ ಅಂಗುಲಗಳ ಲೆಕ್ಕ, ಅಂದರೆ ಸುಮಾರು ಎರಡೂವರೆ ಲೀಟರು. ಶಕ್ತಿ ಸುಮಾರು 45 ಅಶ್ವಶಕ್ತಿ. ಬೋರಿಗಿಂತ ಸ್ಟ್ರೋಕ್ ಇಷ್ಟು ಉದ್ದವಾಗಿರುವುದರಿಂದ ಕಡಿಮೆ ವೇಗದಲ್ಲಿಯೇ ಬಲವಾಗಿ ಎಳೆಯುವ ಗುಣ ಇದಕ್ಕಿದೆ. ನಿಂತುಹೋದ ಎಂಜಿನ್ನಿನ ದೃಷ್ಟಿಯಿಂದ ಇದರ ದೊಡ್ಡ ಗುಣವೆಂದರೆ ಸಿಲಿಂಡರುಗಳಿಗೆ ಬದಲಾಯಿಸಬಹುದಾದ ಡ್ರೈ ಲೈನರುಗಳು, ಅಂದರೆ ಬ್ಲಾಕಿನೊಳಗೆ ಕೂರಿಸಿದ ತೆಳು ಲೋಹದ ಕೊಳವೆಗಳು, ಇರುವುದು. ತುಕ್ಕು ಎಷ್ಟೇ ಆಳಕ್ಕೆ ತಿಂದಿದ್ದರೂ ಬ್ಲಾಕ್ ಸೀಳದಿದ್ದರೆ ಲೈನರು, ಪಿಸ್ಟನ್ನು, ರಿಂಗು ಹೊಸದಾಗಿ ಹಾಕಿ ಎಂಜಿನ್ನನ್ನು ಹೊಸತರಂತೆ ಮಾಡಬಹುದು. ಪಿಸ್ಟನ್ನುಗಳನ್ನು ಹೊರತೆಗೆಯಲು ಎಂಜಿನ್ನನ್ನು ಟ್ರ್ಯಾಕ್ಟರಿನಿಂದ ಬೇರ್ಪಡಿಸಲೂ ಬೇಕಾಗಿಲ್ಲ. ಮೇಲಿನಿಂದ ಹೆಡ್, ಕೆಳಗಿನಿಂದ ಆಯಿಲ್ ನಿಲ್ಲುವ ತಳದ ಪಾತ್ರೆಯಾದ ಸಂಪ್ ತೆಗೆದರೆ ಸಾಕು.

ಆದರೆ ಹೆಡ್ ತೆಗೆಯುವ ಹಂತಕ್ಕೆ ಹೋಗಬೇಕೋ ಬೇಡವೋ ಎಂಬುದು ಮೊದಲ ದಿನದ ನಡವಳಿಕೆಯ ಮೇಲೆ ನಿಂತಿದೆ. ನಿಂತ ಟ್ರ್ಯಾಕ್ಟರು ಕಂಡೊಡನೆ ಹೊಸ ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆಯುವವರು, ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸಿ ಚಾಲೂ ಮಾಡಲು ನೋಡುವವರು ಬಹಳ ಮಂದಿ. ಇದಕ್ಕಿಂತ ದೊಡ್ಡ ಹಾನಿಯನ್ನು ಅಷ್ಟು ವರ್ಷಗಳ ಮಳೆಯೂ ಮಾಡಿರುವುದಿಲ್ಲ. ಸೈಲೆನ್ಸರಿನ ಮೂಲಕ ಇಳಿದ ನೀರು ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವು ತೆರೆದ ಸ್ಥಿತಿಯಲ್ಲಿ ನಿಂತಿತ್ತೋ ಆ ಸಿಲಿಂಡರಿಗೆ ಸೇರಿ, ಪಿಸ್ಟನ್ನಿನ ತಲೆಯ ಮೇಲೆ ನಿಂತು, ರಿಂಗುಗಳನ್ನು ಲೈನರಿಗೆ ತುಕ್ಕಿನಿಂದ ಬೆಸೆದಿರುತ್ತದೆ. ಆ ಸ್ಥಿತಿಯಲ್ಲಿ ಬಲವಂತ ಮಾಡಿದರೆ ರಿಂಗು ಮುರಿಯಬಹುದು, ಕನೆಕ್ಟಿಂಗ್ ರಾಡು ಬಾಗಬಹುದು. ಅಂಟಿಕೊಂಡ ವಾಲ್ವನ್ನು ತೆರೆಯುವ ಸರಳಾದ ಪುಶ್‌ರಾಡಂತೂ ಮೊದಲ ಸುತ್ತಿನಲ್ಲೇ ಬಿಲ್ಲಿನಂತೆ ಬಾಗುತ್ತದೆ.

ಆದ್ದರಿಂದ ಮೊದಲು ಎಂಜಿನ್ ಆಯಿಲ್ ನೋಡಬೇಕು. ಡಿಪ್‌ಸ್ಟಿಕ್ಕಿನಲ್ಲಿ ಕಾಣುವುದನ್ನು ನಂಬಿ ಕೂಡದೆ, ಸಂಪಿನ ಡ್ರೇನ್ ಬೋಲ್ಟನ್ನು ಪೂರ್ತಿ ತೆಗೆಯದೆ ನಿಧಾನವಾಗಿ ಸಡಿಲಿಸಿ, ಕೆಳಗೆ ಗಾಜಿನ ಪಾತ್ರೆ ಹಿಡಿಯಬೇಕು. ನೀರು ಆಯಿಲ್‌ಗಿಂತ ಭಾರವಾದ್ದರಿಂದ ತಳದಲ್ಲಿ ನಿಂತಿರುತ್ತದೆ, ಇದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ತುಕ್ಕಿನ ಬಣ್ಣದ ನೀರು ಬಂದು ಹಿಂದೆಯೇ ಕಪ್ಪು ಆಯಿಲ್ ಇಳಿದರೆ ಅದು ಮೇಲಿನಿಂದ ಬಿದ್ದ ಮಳೆಯ ನೀರಿರಬಹುದು. ರೇಡಿಯೇಟರಿನ ನೀರು ಕಡಿಮೆಯಾಗಿದ್ದು ಇಲ್ಲಿ ಬಣ್ಣದ ಕೂಲಂಟ್ ಇಳಿದರೆ ಹೆಡ್ ಗ್ಯಾಸ್ಕೆಟ್ಟನ್ನೋ ಬ್ಲಾಕಿನ ಬಿರುಕನ್ನೋ ಅನುಮಾನಿಸಬೇಕಾಗುತ್ತದೆ. ಇಷ್ಟು ಚಿಕ್ಕ ಪರೀಕ್ಷೆಯಿಂದ ಮುಂದಿನ ಕೆಲಸದ ಗಾತ್ರ ಅರ್ಧದಷ್ಟು ತಿಳಿದುಬಿಡುತ್ತದೆ.

ಅನಂತರ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂರೂ ನಾಜಲ್‌ಗಳನ್ನು ತೆಗೆಯಬೇಕು. ಅವುಗಳ ಅಡಿಯಲ್ಲಿರುವ ತಾಮ್ರದ ವಾಷರು ನಾಜಲ್ ಜೊತೆಗೆ ಹೊರಬರದೆ ಕುಳಿಯಲ್ಲಿಯೇ ಉಳಿಯುವುದು ಸಾಮಾನ್ಯ. ಅದನ್ನು ಗಮನಿಸದೆ ಹೊಸ ವಾಷರನ್ನು ಅದರ ಮೇಲೆಯೇ ಇಟ್ಟರೆ ನಾಜಲ್ ಎತ್ತರದಲ್ಲಿ ಕುಳಿತು ಡೀಸೆಲ್ ತಪ್ಪು ಜಾಗಕ್ಕೆ ಸಿಂಪಡಿಸುತ್ತದೆ, ಎಂಜಿನ್ನು ಏಕೆ ಹೊಗೆಯುಗುಳುತ್ತಿದೆ ಎಂದು ಆಮೇಲೆ ಬಹಳ ಹುಡುಕಬೇಕಾಗುತ್ತದೆ. ಬರಿದಾದ ಆ ಕುಳಿಗಳ ಮೂಲಕ ಪ್ರತಿ ಸಿಲಿಂಡರಿಗೂ ತುಕ್ಕು ಬಿಡಿಸುವ ಎಣ್ಣೆಯನ್ನು ಹುಯ್ಯಬೇಕು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲು ಬೆರೆಸಿದ ದ್ರಾವಣವನ್ನು ಅನೇಕ ಮೆಕ್ಯಾನಿಕ್ಕುಗಳು ನೆಚ್ಚುತ್ತಾರೆ, ನನಗೂ ಅದರಲ್ಲಿ ವಿಶ್ವಾಸವಿದೆ. ಇವೆರಡೂ ಬೇಗ ಬೇರ್ಪಡುವುದರಿಂದ ಹುಯ್ಯುವ ಮುನ್ನ ಪ್ರತಿ ಸಲವೂ ಕುಲುಕಬೇಕು. ಅಸಿಟೋನ್ ತಟ್ಟನೆ ಹೊತ್ತಿಕೊಳ್ಳುವಂಥದ್ದಾದ್ದರಿಂದ ಬೆಂಕಿ, ಕಿಡಿ ಹತ್ತಿರ ಸುಳಿಯಬಾರದು. ಆಮೇಲೆ ಬೇಕಾದದ್ದು ತಾಳ್ಮೆ. ದಿನಗಟ್ಟಲೆ ನೆನೆಯಲು ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಕಡೆಯಿಂದಲೋ ಫ್ಲೈವೀಲಿನ ಹಲ್ಲಿನಿಂದಲೋ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಿ ನೋಡಬೇಕು. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಆಗ ಮುಂದಕ್ಕೆ ಒತ್ತದೆ ಹಿಂದಕ್ಕೆ ತಂದು, ಮತ್ತೆ ಎಣ್ಣೆ ಹುಯ್ದು, ಅಲುಗಾಟದ ಅಂತರವನ್ನು ಹಿಗ್ಗಿಸುತ್ತ ಹೋಗಬೇಕು. ಇದೇ ಸಮಯಕ್ಕೆ ರಾಕರ್ ಮುಚ್ಚಳ ತೆಗೆದು ಪ್ರತಿ ವಾಲ್ವೂ ಸ್ಪ್ರಿಂಗಿನ ಬಲದಿಂದ ತಾನಾಗಿ ಮೇಲೆ ಬರುತ್ತದೆಯೇ ಎಂದು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ನೋಡಬೇಕು. ವಾಲ್ವುಗಳ ಅಂತರ ತಣ್ಣಗಿರುವಾಗ 0.30 ಮಿಲಿಮೀಟರ್. ಅದನ್ನು ಫೀಲರ್ ಗೇಜಿನಿಂದ ಸರಿಪಡಿಸಲು ಇದಕ್ಕಿಂತ ಸುಲಭದ ಎಂಜಿನ್ ಸಿಗಲಾರದು. ಎಲ್ಲವೂ ಮುಕ್ತವಾಗಿ ತಿರುಗತೊಡಗಿದ ಮೇಲೆ, ನಾಜಲ್‌ಗಳನ್ನು ಹಾಕುವ ಮುನ್ನವೇ ಎಂಜಿನ್ನನ್ನು ಹಲವು ಸುತ್ತು ತಿರುಗಿಸಿ ಪಿಸ್ಟನ್ನುಗಳ ಮೇಲೆ ನಿಂತ ಎಣ್ಣೆಯನ್ನು ಹೊರಚೆಲ್ಲಿಸಬೇಕು. ದ್ರವ ಅಡಕವಾಗುವುದಿಲ್ಲ. ಅದನ್ನು ಒಳಗಿಟ್ಟು ಸೆಲ್ಫ್ ಹೊಡೆದರೆ ರಾಡು ಬಾಗುವುದು ಖಚಿತ.

ಡೀಸೆಲಿನ ದಾರಿಯೇ ಈ ಟ್ರ್ಯಾಕ್ಟರಿನ ಪುನಶ್ಚೇತನದಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗ, ನನ್ನ ಮೆಚ್ಚುಗೆ ಸ್ವಲ್ಪ ತಗ್ಗುವುದೂ ಇಲ್ಲಿಯೇ. ಇದರಲ್ಲಿರುವುದು ಸಿಎವಿ ಕಂಪನಿಯ ಡಿಪಿಎ ಮಾದರಿಯ ರೋಟರಿ ಪಂಪು. ಮೂರು ಸಿಲಿಂಡರಿಗೂ ಒಂದೇ ಜೋಡಿ ಪ್ಲಂಜರುಗಳಿಂದ ಡೀಸೆಲನ್ನು ಹಂಚುವ ಈ ಪಂಪು ಚಿಕ್ಕದು, ಹಗುರವಾದದ್ದು, ಚೆನ್ನಾಗಿದ್ದಾಗ ನಿಖರವಾದದ್ದು. ಆದರೆ ಇದರ ಒಳಭಾಗಗಳಿಗೆ ಬೇರೆ ಆಯಿಲ್ ಇಲ್ಲ, ಹಾದುಹೋಗುವ ಡೀಸೆಲೇ ಜಾರುಕದ ಕೆಲಸವನ್ನೂ ಮಾಡಬೇಕು. ಆ ಡೀಸೆಲಿನಲ್ಲಿ ನೀರು ಸೇರಿ ವರ್ಷಗಟ್ಟಲೆ ನಿಂತರೆ ಒಳಗಿನ ನುಣುಪಾದ ಉಕ್ಕಿನ ಮೇಲೆ ಕಲೆ ಬೀಳುತ್ತದೆ. ನೀರು ಸೇರದಿದ್ದರೂ ಹಳೆಯ ಡೀಸೆಲ್ ಅರಗಿನಂತೆ ಗಟ್ಟಿಯಾಗಿ, ಡೀಸೆಲಿನ ಪ್ರಮಾಣ ನಿಯಂತ್ರಿಸುವ ಮೀಟರಿಂಗ್ ವಾಲ್ವನ್ನು ಹಿಡಿದುಕೊಳ್ಳುತ್ತದೆ. ಆ ವಾಲ್ವು ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿದ್ದರೆ ಎಷ್ಟೇ ಸೆಲ್ಫ್ ಹೊಡೆದರೂ ನಾಜಲ್‌ಗೆ ಡೀಸೆಲ್ ಬರುವುದಿಲ್ಲ. ತೆರೆದ ಸ್ಥಿತಿಯಲ್ಲಿ ಹಿಡಿದಿದ್ದರೆ ಆಗುವ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಚಾಲೂ ಆದ ಎಂಜಿನ್ನು ಹತೋಟಿ ಮೀರಿ ಓಡತೊಡಗುತ್ತದೆ.

ಟ್ಯಾಂಕಿನಿಂದಲೇ ಆರಂಭಿಸುವುದು ಲೇಸು. ಹಳೆಯ ಡೀಸೆಲನ್ನು ಪೂರ್ತಿ ಇಳಿಸಿ, ಟ್ಯಾಂಕನ್ನು ಬಿಚ್ಚಿ, ಒಳಗಿನ ಗಸಿಯನ್ನು ತೊಳೆದು, ತುಕ್ಕು ಹೆಚ್ಚಿದ್ದರೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಸಹಾಯದಿಂದ ವಿದ್ಯುತ್ ಹಾಯಿಸಿ ತುಕ್ಕು ಬಿಡಿಸಬಹುದು. ಹೀಗೆ ಮಾಡುವಾಗ ಒಳಗೆ ಇಳಿಬಿಡುವ ಸರಳು ಸಾಧಾರಣ ಕಬ್ಬಿಣದ್ದಾಗಿರಬೇಕು, ಟ್ಯಾಂಕಿಗೆ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಬಳಸಿದರೆ ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೊರಡುವ ಹೈಡ್ರೋಜನ್ ಅನಿಲ ಹೊತ್ತಿಕೊಳ್ಳುವಂಥದ್ದಾದ್ದರಿಂದ ಗಾಳಿಯಾಡುವ ಜಾಗದಲ್ಲಿಯೇ ಈ ಕೆಲಸ ಮಾಡಬೇಕು. ಇದಾದ ಮೇಲೆ ಫಿಲ್ಟರು. ಸಿಎವಿ 296 ಎಂಬ ಎಲಿಮೆಂಟು ಹಳೆಯ ಡೀಸೆಲ್ ಎಂಜಿನ್ನುಗಳ ಲೋಕದಲ್ಲಿ ಎಲ್ಲರಿಗೂ ಪರಿಚಿತ, ಇಂದಿಗೂ ಸುಲಭವಾಗಿ ಸಿಗುತ್ತದೆ. ಅದರ ಜೊತೆಗೆ ಬರುವ ರಬ್ಬರ್ ರಿಂಗುಗಳನ್ನು ಒಂದೂ ಬಿಡದೆ ಬದಲಾಯಿಸಬೇಕು. ಹಳೆಯ ರಿಂಗು ಡೀಸೆಲ್ ಸೋರಲು ಬಿಡದಿದ್ದರೂ ಗಾಳಿಯನ್ನು ಒಳಗೆಳೆಯಬಲ್ಲದು.

ಡೀಸೆಲಿನ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಹಾಕುವ, ಅಂದರೆ ಏರ್ ತೆಗೆಯುವ ಕೆಲಸದಲ್ಲಿ ಹೊಸಬರು ಸೋಲುವ ಒಂದು ಜಾಗವನ್ನು ಹೇಳಲೇಬೇಕು. ಟ್ಯಾಂಕಿನಿಂದ ಡೀಸೆಲನ್ನು ಎಳೆದು ಕಳಿಸುವ ಫೀಡ್ ಪಂಪಿನ ಪಕ್ಕದಲ್ಲಿರುವ ಚಿಕ್ಕ ಲಿವರನ್ನು ಕೈಯಿಂದ ಒತ್ತುತ್ತ ಹೋದರೆ ಡೀಸೆಲ್ ಮುಂದಕ್ಕೆ ಸಾಗಬೇಕು. ಕೆಲವೊಮ್ಮೆ ಆ ಲಿವರು ಸಡಿಲವಾಗಿ ಆಡುತ್ತದೆಯೇ ಹೊರತು ಏನೂ ಆಗುವುದಿಲ್ಲ. ಪಂಪು ಕೆಟ್ಟಿತೆಂದು ತಿಳಿದು ಹೊಸದನ್ನು ತರುವವರಿದ್ದಾರೆ. ನಿಜದಲ್ಲಿ ಕ್ಯಾಮಿನ ಉಬ್ಬು ಆ ಕ್ಷಣಕ್ಕೆ ಪಂಪಿನ ತೋಳನ್ನು ಒತ್ತಿ ಹಿಡಿದಿರುತ್ತದೆ, ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಹಿಡಿತ ಬರುತ್ತದೆ. ಮೊದಲು ಫಿಲ್ಟರಿನ ಏರ್ ಸ್ಕ್ರೂ, ಆಮೇಲೆ ಪಂಪಿನ ಮೈಮೇಲಿನದು, ಆಮೇಲೆ ಎಂಜಿನ್ನಿನ ವೇಗವನ್ನು ಹತೋಟಿಯಲ್ಲಿಡುವ ಗವರ್ನರಿನ ಮೇಲ್ಭಾಗದ್ದು, ಹೀಗೆ ಒಂದೊಂದರಲ್ಲೂ ನೊರೆ ನಿಂತು ಶುದ್ಧ ಡೀಸೆಲ್ ಬರುವವರೆಗೆ ಲಿವರನ್ನು ಒತ್ತಬೇಕು. ಕೊನೆಗೆ ನಾಜಲ್‌ಗಳಿಗೆ ಹೋಗುವ ಪೈಪುಗಳ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದಾಗ ಅಲ್ಲಿಯೂ ಡೀಸೆಲ್ ಚಿಮ್ಮಿದರೆ ದಾರಿ ತೆರೆದಿದೆ ಎಂದು ತಿಳಿಯಬಹುದು. ಆ ಚಿಮ್ಮುವಿಕೆಯ ಹತ್ತಿರ ಬೆರಳನ್ನು ಎಂದಿಗೂ ಒಯ್ಯಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ. ಹೊರಗೆ ಚುಚ್ಚಿದ ಗುರುತಷ್ಟೇ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ. ನಾಜಲ್‌ಗಳ ಸಿಂಪಡಿಕೆಯನ್ನೂ ಪಂಪಿನ ಒಳಭಾಗವನ್ನೂ ಪರೀಕ್ಷಿಸಲು ಅದಕ್ಕೆಂದೇ ಇರುವ ಟೆಸ್ಟ್ ಬೆಂಚು ಬೇಕು. ಟ್ರ್ಯಾಕ್ಟರಿನ ಉಳಿದೆಲ್ಲ ಕೆಲಸವನ್ನು ಶ್ರದ್ಧೆಯಿರುವ ಹವ್ಯಾಸಿ ಮಾಡಬಲ್ಲನಾದರೂ ಡಿಪಿಎ ಪಂಪನ್ನು ಮಾತ್ರ ಅದರಲ್ಲೇ ಪಳಗಿದವರ ಕೈಗೆ ಒಪ್ಪಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಈಗಿನ ಡೀಸೆಲಿನಲ್ಲಿ ಗಂಧಕದ ಅಂಶ ಬಹಳ ಕಡಿಮೆ, ಅದನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜ ಜಾರುಗುಣವೂ ತಗ್ಗುತ್ತದೆ. ಪಂಪನ್ನು ರಿಪೇರಿ ಮಾಡಿಸುವಾಗ ಹೊಸ ಕಾಲದ ಡೀಸೆಲಿಗೆ ತಡೆಯುವ ಸೀಲುಗಳನ್ನು ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದು.

ಮೊದಲ ಸಲ ಚಾಲೂ ಮಾಡುವಾಗ ಗಾಳಿಯೊಳಹೋಗುವ ಬಾಯಿಯನ್ನು ಮುಚ್ಚಬಲ್ಲ ಚಪ್ಪಟೆಯಾದ ಗಟ್ಟಿ ಹಲಗೆಯೊಂದನ್ನು ಹಿಡಿದು ಇನ್ನೊಬ್ಬರು ಪಕ್ಕದಲ್ಲಿ ನಿಂತಿರಬೇಕು. ಓಟ ಕಿತ್ತ ಡೀಸೆಲ್ ಎಂಜಿನ್ನು ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಏರ್ ಕ್ಲೀನರಿನ ಬಟ್ಟಲಿನಲ್ಲಿ ಆಯಿಲ್ ಗುರುತು ಮೀರಿ ತುಂಬಿದ್ದರೂ ಎಂಜಿನ್ನು ಅದನ್ನೇ ಹೀರಿಕೊಂಡು ಓಡಬಲ್ಲದು. ಸ್ಟಾಪ್ ಗುಂಡಿಯನ್ನು ಎಳೆದಿಟ್ಟು ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಏಳುವವರೆಗೂ ಸೆಲ್ಫ್ ಹೊಡೆದು, ಒಣಗಿದ ಬೇರಿಂಗುಗಳಿಗೆ ಆಯಿಲ್ ತಲುಪಿದ ಮೇಲೆಯೇ ಡೀಸೆಲ್ ಬಿಡಬೇಕು. ಚಳಿಗಾಗಿ ಈ ಎಂಜಿನ್ನಿಗೆ ಥರ್ಮೊಸ್ಟಾರ್ಟ್ ಎಂಬ ವ್ಯವಸ್ಥೆಯಿದೆ. ಇನ್‌ಲೆಟ್ ಮ್ಯಾನಿಫೋಲ್ಡಿನೊಳಗೆ ಕಾದ ತಂತಿಯ ಮೇಲೆ ಡೀಸೆಲ್ ಹನಿದು ಉರಿದು ಗಾಳಿಯನ್ನು ಬಿಸಿಮಾಡುವ ಈ ಸಾಧನ ಸುಸ್ಥಿತಿಯಲ್ಲಿದ್ದರೆ ಈಥರ್ ಸ್ಪ್ರೇಯ ಅಗತ್ಯವೇ ಬೀಳುವುದಿಲ್ಲ. ಎರಡನ್ನೂ ಒಟ್ಟಿಗೆ ಬಳಸಿದರೆ ಮ್ಯಾನಿಫೋಲ್ಡಿನಲ್ಲಿಯೇ ಸ್ಫೋಟವಾಗುವ ಅಪಾಯವಿದೆ. ಮೊದಲು ಬರುವ ಬಿಳಿ ಹೊಗೆ ಎಂಜಿನ್ ಕಾದಂತೆ ತಿಳಿಯಾದರೆ ಚಿಂತೆ ಬೇಡ. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ರಿಂಗುಗಳೋ ವಾಲ್ವ್ ಗೈಡುಗಳೋ ಸವೆದಿವೆ ಎಂದರ್ಥ. ಆದರೂ ಕೆಲವು ಗಂಟೆ ಮಿತವಾದ ಭಾರದಲ್ಲಿ ದುಡಿಸಿ ನೋಡುವವರೆಗೆ ತೀರ್ಪು ಹೇಳಬಾರದು, ಅಂಟಿದ ರಿಂಗುಗಳು ದುಡಿಮೆಯಲ್ಲಿ ಬಿಡಿಸಿಕೊಳ್ಳುವುದುಂಟು. ಹಿಂಬದಿಯ ಮೇನ್ ಬೇರಿಂಗಿನ ಸೀಲು ಹಗ್ಗದ ಮಾದರಿಯದಾದ್ದರಿಂದ ಅಲ್ಲಿ ಸ್ವಲ್ಪ ಆಯಿಲ್ ಜಿನುಗುವುದು ಈ ಎಂಜಿನ್ನಿನ ಹಳೆಯ ಚಾಳಿ. ಕ್ಲಚ್ಚಿಗೆ ಆಯಿಲ್ ತಾಗದಿದ್ದರೆ ಅದನ್ನು ಸಹಿಸಿಕೊಳ್ಳಬಹುದು.

ಹೈಡ್ರಾಲಿಕ್ಕಿನ ವಿಷಯ ಬರೆಯುವಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡಲಾರೆ. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಾಗ ಮೇಲಿನ ಲಿಂಕು ಒತ್ತುವ ಬಲವನ್ನು ಸ್ಪ್ರಿಂಗಿನ ಮೂಲಕ ಗ್ರಹಿಸಿ, ತಾನಾಗಿಯೇ ನೇಗಿಲನ್ನು ತುಸು ಮೇಲೆತ್ತಿ, ಮಣ್ಣು ಸಡಿಲವಾದಾಗ ಮತ್ತೆ ಇಳಿಸುವ ಡ್ರಾಫ್ಟ್ ಕಂಟ್ರೋಲ್ ಹ್ಯಾರಿ ಫರ್ಗುಸನ್ ಕೃಷಿಗೆ ಕೊಟ್ಟ ದೊಡ್ಡ ಕೊಡುಗೆ, 135ರಲ್ಲಿ ಅದು ಬಹಳ ಪಕ್ವವಾದ ರೂಪದಲ್ಲಿದೆ. ಇದರ ಪಂಪು ಹಿಂಬದಿಯ ಪೆಟ್ಟಿಗೆಯೊಳಗೆ ಗೇರಿನ ಆಯಿಲ್‌ನಲ್ಲೇ ಮುಳುಗಿದೆ. ಗೇರುಗಳಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್ ಆದ್ದರಿಂದ, ಗೇರ್ ಲಿವರಿನ ಹರಿದ ರಬ್ಬರಿನ ಮೂಲಕ ಮಳೆನೀರು ಇಳಿದಿದ್ದರೆ ಇಡೀ ಆಯಿಲ್ ಹಾಲಿನಂತೆ ಬೆಳ್ಳಗಾಗಿ, ಪಂಪಿನ ಕಂಟ್ರೋಲ್ ವಾಲ್ವು ತುಕ್ಕು ಹಿಡಿದು, ಲಿಫ್ಟಿನ ತೋಳುಗಳು ಮೇಲೇಳುವುದೇ ಇಲ್ಲ, ಇಲ್ಲವೇ ಎದ್ದರೆ ಇಳಿಯುವುದಿಲ್ಲ. ಹೀಗಾದಾಗ ಕೂಡಲೇ ಮೇಲ್ಮುಚ್ಚಳವನ್ನು ಎತ್ತಿ ಪಂಪನ್ನು ಹೊರತೆಗೆಯುವ ಭಾರೀ ಕೆಲಸಕ್ಕೆ ಇಳಿಯಬೇಕಾಗಿಲ್ಲ. ಕೆಟ್ಟ ಆಯಿಲ್ ಪೂರ್ತಿ ಇಳಿಸಿ, ತೆಳು ಆಯಿಲ್ ತುಂಬಿ ಸ್ವಲ್ಪ ಹೊತ್ತು ಓಡಿಸಿ ಮತ್ತೆ ಇಳಿಸಿ, ನೀರಿನ ಗುರುತು ಹೋಗುವವರೆಗೆ ಹೀಗೆ ತೊಳೆಯಬೇಕು. ಎಂಜಿನ್ ನಿಲ್ಲಿಸಿ ಪಕ್ಕದ ಮುಚ್ಚಳ ಬಿಚ್ಚಿದರೆ ಕಂಟ್ರೋಲ್ ವಾಲ್ವಿನ ಚಲನೆಯನ್ನು ಕಣ್ಣಾರೆ ನೋಡಿ, ಬೆರಳಿನಿಂದ ಹಿಂದೆಮುಂದೆ ಆಡಿಸಿ ಬಿಡಿಸಲೂ ಬಹುದು. ಎತ್ತಿದ ತೋಳುಗಳ ಕೆಳಗೆ ಆಧಾರ ಕೊಡದೆ ಕೈಹಾಕಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕ್ಲಚ್ಚು ಬೇರೆ ಕಥೆ. ತೇವದಲ್ಲಿ ನಿಂತ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ, ಪೆಡಲ್ ತುಳಿದರೂ ಬಿಡುವುದಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ನಿಲ್ಲಿಸಿ, ಪೆಡಲನ್ನು ಮರದ ತುಂಡಿನಿಂದ ಒತ್ತಿ ಕಟ್ಟಿ ರಾತ್ರಿ ಬಿಟ್ಟರೆ ಹಲವು ಸಲ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಬೇಕು. ಇದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ, ಎಂಜಿನ್ನು ಗೇರ್‌ಬಾಕ್ಸುಗಳೇ ಬೆನ್ನೆಲುಬು. ಮುಂದಿನ ಆಕ್ಸಲು ನಡುವಿನ ಪಿನ್ನಿನ ಮೇಲೆ ತೂಗುವಂತಿರುವುದರಿಂದ, ಬಿಡಿಸಿದ ಕೂಡಲೇ ಎಂಜಿನ್ನಿನ ಭಾಗ ಪಕ್ಕಕ್ಕೆ ವಾಲಿ ಬೀಳಬಲ್ಲದು. ಆಕ್ಸಲಿಗೂ ಮುಂಭಾಗಕ್ಕೂ ನಡುವೆ ಎರಡೂ ಕಡೆ ಮರದ ಬೆಣೆಗಳನ್ನು ಬಲವಾಗಿ ಬಡಿದ ಮೇಲೆಯೇ ಬೋಲ್ಟುಗಳಿಗೆ ಕೈಹಾಕಬೇಕು. ಜಾಗ, ಸ್ಟ್ಯಾಂಡು, ಇನ್ನಿಬ್ಬರ ಸಹಾಯ ಇವು ಮೂರೂ ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿಗೆ ಒಪ್ಪಿಸುವುದೇ ಸರಿ. ಹಳೆಯ ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದ್ದು, ಆ ಧೂಳನ್ನು ಗಾಳಿ ಹೊಡೆದು ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಬ್ರೇಕಿಗೆ ನಾನು ಕಡಿಮೆ ಅಂಕ ಕೊಡುವುದಕ್ಕೆ ಕಾರಣವಿದೆ. ಹಿಂದಿನ ಆಕ್ಸಲಿನ ಸೀಲು ಗಟ್ಟಿಯಾಗಿ ಸೋರತೊಡಗಿದರೆ ಆಯಿಲ್ ನೇರವಾಗಿ ಬ್ರೇಕಿನ ಡ್ರಮ್ಮಿಗೆ ಸೇರುತ್ತದೆ. ಒಂದು ಕಡೆಯ ಚಕ್ರ ಹಿಡಿದು ಇನ್ನೊಂದು ಜಾರಿದಾಗ ಟ್ರ್ಯಾಕ್ಟರು ಪಕ್ಕಕ್ಕೆ ಎಳೆಯುತ್ತದೆ. ನಿಂತುಹೋದ ಪ್ರತಿಯೊಂದು 135ರಲ್ಲಿಯೂ ಎರಡೂ ಡ್ರಮ್ಮುಗಳನ್ನು ತೆಗೆದು, ಸೀಲು, ಲೈನಿಂಗು ನೋಡದೆ ರಸ್ತೆಗೆ ತರಬಾರದು. ಗೇರ್‌ಬಾಕ್ಸು ಸ್ವತಃ ಗಟ್ಟಿಮುಟ್ಟು, ಆರು ಮುಂದಿನ, ಎರಡು ಹಿಂದಿನ ಗೇರುಗಳ ಸರಳ ರಚನೆ. ಕ್ಲಚ್ ತುಳಿಯದೆ ಹೈ, ಲೋ ಎಂದು ವೇಗ ಬದಲಿಸುವ ಮಲ್ಟಿ-ಪವರ್ ವ್ಯವಸ್ಥೆ ಇರುವ ಗಾಡಿಗಳಲ್ಲಿ ಮಾತ್ರ ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು: ಅದರ ಲೋ ಸ್ಥಿತಿಯಲ್ಲಿ ಎಂಜಿನ್ನು ಟ್ರ್ಯಾಕ್ಟರನ್ನು ತಡೆಯುವುದಿಲ್ಲ. ಇಳಿಜಾರಿನಲ್ಲಿ ಟ್ರೇಲರ್ ಎಳೆಯುತ್ತಿರುವಾಗ ವೇಗ ತಗ್ಗಿಸಲೆಂದು ಹೈನಿಂದ ಲೋಗೆ ಹಾಕಿದರೆ, ಚಕ್ರಗಳು ಬಿಡುಬೀಸಾಗಿ ಉರುಳಿ ವೇಗ ಇನ್ನೂ ಏರುತ್ತದೆ. ಬ್ರೇಕು ದುರ್ಬಲವಾಗಿರುವ ಹಳೆಯ ಯಂತ್ರದಲ್ಲಿ ಇದು ಪ್ರಾಣಕ್ಕೆ ಕುತ್ತು.

ವಿದ್ಯುತ್ ವ್ಯವಸ್ಥೆ ಸರಳ. ಇಲಿ ಕಡಿದ ವಯರುಗಳನ್ನು ತೇಪೆ ಹಾಕುವ ಬದಲು ಪೂರ್ತಿ ಹೊಸ ವಯರಿಂಗ್ ಎಳೆಯುವುದು ಒಳ್ಳೆಯದು. ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ಎಂಬುದನ್ನು ಬಿಚ್ಚುವ ಮುನ್ನವೇ ಗುರುತು ಹಾಕಿಕೊಳ್ಳಬೇಕು. ಗೇರಿನ ಹೈ-ಲೋ ಲಿವರು ನಡುವಿನ ಸ್ಟಾರ್ಟ್ ಸ್ಥಾನದಲ್ಲಿದ್ದಾಗ ಮಾತ್ರ ಸೆಲ್ಫ್ ಕೆಲಸ ಮಾಡುವಂತೆ ಈ ಟ್ರ್ಯಾಕ್ಟರಿನಲ್ಲಿ ಒಂದು ಸುರಕ್ಷತಾ ಸ್ವಿಚ್ ಇದೆ. ಹಳೆಯ ಗಾಡಿಗಳಲ್ಲಿ ಬಹಳಷ್ಟು ಸಲ ಅದನ್ನು ವಯರು ಜೋಡಿಸಿ ಕೈಬಿಟ್ಟಿರುತ್ತಾರೆ. ಗೇರಿನಲ್ಲಿರುವ ಟ್ರ್ಯಾಕ್ಟರನ್ನು ನೆಲದ ಮೇಲೆ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫ್ ಹೊಡೆಸಿ, ಹಿಂದಿನ ಚಕ್ರಕ್ಕೆ ಸಿಕ್ಕವರ ಸಾವುಗಳು ಟ್ರ್ಯಾಕ್ಟರಿರುವ ಎಲ್ಲ ನಾಡುಗಳಲ್ಲೂ ಆಗಿವೆ. ಈ ಸ್ವಿಚ್ಚನ್ನು ಮೊದಲಿನಂತೆ ಕೂರಿಸುವುದು ಬಣ್ಣ ಬಳಿಯುವುದಕ್ಕಿಂತ ಎಷ್ಟೋ ಮುಖ್ಯವಾದ ಕೆಲಸ.

ಟೈರುಗಳು ಮುಂದೆ 6.00-16, ಹಿಂದೆ ಸಾಮಾನ್ಯವಾಗಿ 28 ಅಂಗುಲದ ರಿಮ್ಮಿನವು. ಎರಡೂ ಅಳತೆಗಳು ಸಿಗುತ್ತವೆ. ತೂಕಕ್ಕಾಗಿ ಹಿಂದಿನ ಟೈರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬಿದ್ದರೆ ವಾಲ್ವಿನ ಸುತ್ತ ರಿಮ್ಮು ಒಳಗಿನಿಂದ ಕರಗಿರಬಹುದು, ಅಲ್ಲಿ ಕೀಸಿ ನೋಡಬೇಕು. ಬಿಡಿಭಾಗಗಳು ಸಿಗುತ್ತವೆ ಎಂದೆನಾದರೂ ಎಲ್ಲವೂ ಒಂದೇ ಗುಣಮಟ್ಟದವಲ್ಲ. ನಾನು ತರಿಸಿದ ಅಗ್ಗದ ಫೀಡ್ ಪಂಪೊಂದರ ತೋಳು ಮೂಲ ಪಂಪಿನ ತೋಳಿಗಿಂತ ಗಿಡ್ಡವಾಗಿತ್ತು, ಕ್ಯಾಮಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಹಳೆಯ ಪಂಪಿಗೆ ಹೊಸ ಡಯಾಫ್ರಮ್ ಹಾಕಿದಾಗ ಅದು ಮೊದಲಿನಂತೆ ಕೆಲಸ ಮಾಡಿತು. ಮೂಲ ಭಾಗ ದುರಸ್ತಿಗೆ ಬರುವಂತಿದ್ದರೆ ಅದನ್ನೇ ಉಳಿಸಿಕೊಳ್ಳಬೇಕು, ಹೊಸದನ್ನು ತಂದರೆ ಹಳೆಯದರ ಪಕ್ಕದಲ್ಲಿಟ್ಟು ಅಳೆದು ನೋಡದೆ ಕೂರಿಸಬಾರದು.

ಚಾಲಕನ ರಕ್ಷಣೆಯೇ ಈ ಟ್ರ್ಯಾಕ್ಟರಿನ ನಿಜವಾದ ಕೊರತೆ. ಮಗುಚಿದಾಗ ಚಾಲಕನನ್ನು ಕಾಯುವ ಚೌಕಟ್ಟನ್ನು ಹೊಸ ಟ್ರ್ಯಾಕ್ಟರುಗಳಿಗೆ ಸ್ವೀಡನ್ 1959ರಲ್ಲೇ ಕಡ್ಡಾಯ ಮಾಡಿತ್ತು. ಆದರೂ ಬಹುಪಾಲು 135ಗಳು ಅದಿಲ್ಲದೆ ಹೊರಬಂದವು. ಹಗುರವಾದ ಮುಂಭಾಗ, ಬಲವಾದ ಎಳೆತ ಇವೆರಡೂ ಸೇರಿದಾಗ ತಪ್ಪಾದ ಜಾಗಕ್ಕೆ ಸರಪಳಿ ಕಟ್ಟಿ ಎಳೆದರೆ ಟ್ರ್ಯಾಕ್ಟರು ಹಿಂದಕ್ಕೆ ಮಗುಚಲು ಕ್ಷಣ ಸಾಕು. ಪರೀಕ್ಷಿಸಿ ದೃಢಪಟ್ಟ ಚೌಕಟ್ಟನ್ನೂ ಸೀಟ್ ಬೆಲ್ಟನ್ನೂ ಅಳವಡಿಸುವ ಖರ್ಚನ್ನು ದುರಸ್ತಿಯ ಲೆಕ್ಕದೊಳಗೆ ಮೊದಲೇ ಸೇರಿಸಿಕೊಳ್ಳಬೇಕು. ಮನೆಯಲ್ಲೇ ಬೆಸುಗೆ ಹಾಕಿದ ಕೊಳವೆಗಳು ಆ ಜಾಗಕ್ಕೆ ಬರುವುದಿಲ್ಲ. ಹಿಂದೆ ಕಟ್ಟಿದ ಸಲಕರಣೆಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಪಿಟಿಒ ಶಾಫ್ಟಿನ ಮುಚ್ಚಳ ಕಾಣೆಯಾಗಿದ್ದರೆ ಅದೂ ಇದೇ ಪಟ್ಟಿಗೆ ಸೇರಬೇಕು. ನಿಮಿಷಕ್ಕೆ 540 ಸುತ್ತು ತಿರುಗುವ ಶಾಫ್ಟು ಬಟ್ಟೆಯ ಅಂಚನ್ನು ಹಿಡಿದರೆ ಬಿಡಿಸಿಕೊಳ್ಳಲು ಸಮಯ ಕೊಡುವುದಿಲ್ಲ.

ಇಷ್ಟೆಲ್ಲ ತೂಗಿದ ಮೇಲೂ, ನಿಂತ 135 ಒಂದು ಕಣ್ಣಿಗೆ ಬಿದ್ದರೆ ನೋಡಲು ಹೋಗಿ ಎಂದೇ ಹೇಳುತ್ತೇನೆ. ಹೋದಾಗ ಬಣ್ಣ, ಬಾನೆಟ್, ಲೈಟು ನೋಡುತ್ತ ನಿಲ್ಲಬೇಡಿ. ಸೈಲೆನ್ಸರಿನ ಬಾಯಿಗೆ ಮುಚ್ಚಳ ಇತ್ತೇ, ಗೇರ್ ಲಿವರಿನ ರಬ್ಬರು ಹರಿದಿದೆಯೇ, ಹಿಂದಿನ ಚಕ್ರಗಳ ಒಳಬದಿಯಲ್ಲಿ ಆಯಿಲ್ ಸೋರಿದ ಗುರುತಿದೆಯೇ, ಟ್ಯಾಂಕಿನ ತಳದಲ್ಲಿ ಏನು ಕೂತಿದೆ ಎಂದು ನೋಡಿ. ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಬೆಲೆ ಇಳಿಸಲು ಅದು ಕಾರಣವಾಗಬಹುದು, ಟ್ರ್ಯಾಕ್ಟರನ್ನು ಬಿಡಲು ಕಾರಣವಲ್ಲ. ಕೊನೆಗೆ ಎಂಜಿನ್ ಬ್ಲಾಕಿನ ಎರಡೂ ಪಕ್ಕದ ಮಣ್ಣನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಚಳಿಯಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಬಿಟ್ಟ ಬಿರುಕು ಉದ್ದಕ್ಕೆ ಓಡಿದೆಯೇ ಎಂದು ಟಾರ್ಚು ಹಿಡಿದು ಪರೀಕ್ಷಿಸಿ. ಅಂಥ ಬಿರುಕು ಕಂಡರೆ ಬೇರೆ ಬ್ಲಾಕು ಕೈಯಲ್ಲಿರುವವರು ಮಾತ್ರ ಆ ಗಾಡಿಯನ್ನು ಕೊಳ್ಳಬೇಕು.